‘ಬಹುದು’ ಮತ್ತು ‘ಅಂತೆ’: ನ್ಯೂಜೆರ್ಸಿಯ ಒಂದು ಗಡೀಪಾರು ಪ್ರಕರಣ

ಈ ಪ್ರಕರಣ ಕೊನೆಗೆ ನಿಂತದ್ದು ಎರಡು ಸಣ್ಣ ಕನ್ನಡ ಮಾತುಗಳ ಮೇಲೆ. ಒಂದು ‘ಬಹುದು’, ಇನ್ನೊಂದು ‘ಅಂತೆ’. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಎಷ್ಟು ಓದಿದ್ದರೂ, ಆ ಎರಡು ಮಾತುಗಳನ್ನು ಕೇಳಿಸಿಕೊಳ್ಳದೆ ಹೋಗಿದ್ದರೆ ನಮ್ಮ ಕಕ್ಷಿದಾರರು ಇವತ್ತು ಹೆಂಡತಿ ಮಕ್ಕಳನ್ನು ಇಲ್ಲಿ ಬಿಟ್ಟು ಊರಿನಲ್ಲಿ ಒಬ್ಬರೇ ಇರುತ್ತಿದ್ದರು.

ನಾನು ನ್ಯೂಜೆರ್ಸಿಯ ಒಂದು ಸಣ್ಣ ವಕೀಲರ ಕಚೇರಿಯಲ್ಲಿ ಕಾನೂನು ಸಹಾಯಕಿ. ಊರಿನಲ್ಲಿ ಮೂರು ವರ್ಷ ಕರಿಕೋಟು ಹಾಕಿದ್ದೆ. ಇಲ್ಲಿ ವಾದ ಮಾಡುವ ಪರವಾನಗಿ ನನಗಿಲ್ಲ. ಕಡತ ಓದುವುದು, ಕರಡು ಬರೆಯುವುದು, ಕನ್ನಡದ ಕಕ್ಷಿದಾರರ ಮಾತನ್ನು ವಕೀಲರಿಗೆ ಮುಟ್ಟಿಸುವುದು ನನ್ನ ಕೆಲಸ. ಕಕ್ಷಿದಾರರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರನ್ನು ರಾಯರು ಎಂದು ಕರೆಯುತ್ತೇನೆ, ನಿಜವಾದ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಉದ್ಯೋಗ, ಮೊತ್ತ, ತಿಂಗಳುಗಳನ್ನು ಬದಲಿಸಿದ್ದೇನೆ. ಕಾನೂನನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ರಾಯರಿಗೆ ಊರಿನಲ್ಲಿ ಪುಸ್ತಕ, ಪೆನ್ನು ಮಾರುವ ಅಂಗಡಿಯಿತ್ತು. ಅಮೆರಿಕದ ಪ್ರಜೆಯಾಗಿದ್ದ ಅಕ್ಕ ತಮ್ಮನಿಗಾಗಿ ಅರ್ಜಿ ಹಾಕಿ, ಹತ್ತು ವರ್ಷಕ್ಕೂ ಹೆಚ್ಚು ಕಾದ ಮೇಲೆ, 2008ರಲ್ಲಿ ಅವರು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಗ್ರೀನ್ ಕಾರ್ಡ್ ಹಿಡಿದು ಬಂದರು. ಮೊದಲು ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ, ಆಮೇಲೆ ಗೃಹಬಳಕೆ ಸಾಮಾನಿನ ಒಂದು ಅಂಗಡಿಯಲ್ಲಿ ಕೆಲಸ, ಅಲ್ಲೇ ಮ್ಯಾನೇಜರ್ ಆಗಿ ಬಡ್ತಿ. 2013ಕ್ಕೆ ಐದು ವರ್ಷ ತುಂಬಿ ಪೌರತ್ವಕ್ಕೆ ಅರ್ಜಿ ಹಾಕುವ ಅರ್ಹತೆ ಬಂತು. ಹಾಕಲಿಲ್ಲ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಊರಿನ ಪಾಸ್‌ಪೋರ್ಟ್ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಆ ಭಾವನೆಯನ್ನು ನಾನು ಬಲ್ಲೆ. ಆದರೆ ಅಂದು ಅವರು ಪ್ರಜೆಯಾಗಿದ್ದರೆ ಮುಂದಿನ ಯಾವ ಗಡೀಪಾರು ನೋಟಿಸೂ ಅವರ ಮನೆಗೆ ಬರುತ್ತಿರಲಿಲ್ಲ.

2016ರ ಮೇ ತಿಂಗಳಿನಿಂದ 2017ರ ಜೂನ್‌ವರೆಗೆ, ಗಿರಾಕಿಗಳು ಸಾಮಾನು ಹಿಂದಿರುಗಿಸಿದ್ದಾರೆ ಎಂದು ಸುಳ್ಳು ನಮೂದು ಮಾಡಿ, ಆ ಹಣವನ್ನು ರಾಯರು ತಮ್ಮ ಕಾರ್ಡಿಗೆ ಹಾಕಿಕೊಂಡರು. ಒಟ್ಟು 12,380 ಡಾಲರ್. ಹೆಂಡತಿಯ ಶಸ್ತ್ರಚಿಕಿತ್ಸೆಯ ಸಾಲ ಇತ್ತು, ನಿಜ. ತಪ್ಪು ಮಾಡಿದ್ದೂ ಅಷ್ಟೇ ನಿಜ. ಅವರು ನನ್ನೆದುರು ಒಂದು ದಿನವೂ ಅದನ್ನು ಅಲ್ಲಗಳೆಯಲಿಲ್ಲ. ಈ ಬರಹ ಅವರು ನಿರ್ದೋಷಿ ಎಂದು ಸಾಧಿಸಲು ಹೊರಟದ್ದಲ್ಲ. ತಪ್ಪಿಗೆ ತಕ್ಕ ಶಿಕ್ಷೆ ಯಾವುದು, ಆ ಶಿಕ್ಷೆಯನ್ನು ಮುಂಚಿತವಾಗಿ ತಿಳಿಯುವ ಹಕ್ಕು ತಪ್ಪಿತಸ್ಥನಿಗಿದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ನ್ಯೂಜೆರ್ಸಿ ಕಾನೂನಿನಲ್ಲಿ ಇದು ವಂಚನೆಯಿಂದ ಮಾಡಿದ ಕಳವು. ಮೊತ್ತ 500 ಡಾಲರಿನಿಂದ 75,000 ಡಾಲರಿನ ಒಳಗಿದ್ದರೆ ಮೂರನೇ ದರ್ಜೆಯ ಅಪರಾಧ. ಮೂರರಿಂದ ಐದು ವರ್ಷ ಸೆರೆಮನೆ ಸಾಧ್ಯ. ಆದರೆ ಮೊದಲ ಸಲ ತಪ್ಪು ಮಾಡಿದವರಿಗೆ ಈ ದರ್ಜೆಯಲ್ಲಿ ಸಾಮಾನ್ಯವಾಗಿ ಸೆರೆಮನೆ ಬೇಡ ಎಂಬ ಪೂರ್ವಭಾವನೆಯನ್ನು ಅದೇ ಕಾನೂನು ಇಟ್ಟುಕೊಂಡಿದೆ. ಜೊತೆಗೆ, ಮೊದಲ ಅಪರಾಧಿಗಳಿಗಾಗಿ ವಿಚಾರಣಾಪೂರ್ವ ತಿದ್ದುಪಡಿ ಯೋಜನೆಯೊಂದಿದೆ. ಇಲ್ಲಿನವರು ಪಿಟಿಐ ಎನ್ನುತ್ತಾರೆ. ಅದರಲ್ಲಿ ಇಂತಹ ಪ್ರಕರಣಕ್ಕೆ ತಪ್ಪೊಪ್ಪಿಗೆ ಬೇಕಿಲ್ಲ. ನಿಗದಿತ ಅವಧಿ ಸರಿಯಾಗಿ ನಡೆದುಕೊಂಡರೆ ಆರೋಪವೇ ವಜಾ. ರಾಯರ ಪರವಾಗಿ ಆ ಅರ್ಜಿ ಹೋಗಲೇ ಇಲ್ಲ. ಅವರ ಮೊದಲ ವಕೀಲರು ಸರ್ಕಾರಿ ವಕೀಲರ ಜೊತೆ ಮಾತನಾಡಿ ಒಪ್ಪಂದ ತಂದರು: ತಪ್ಪು ಒಪ್ಪಿಕೊಳ್ಳುವುದು, ಎರಡು ವರ್ಷ ಪ್ರೊಬೇಷನ್, ಅಂದರೆ ಜೈಲಿನ ಬದಲು ಹೊರಗೇ ನಿಗಾದಲ್ಲಿರುವುದು, ಪೂರ್ತಿ ಹಣ ಕಂತಿನಲ್ಲಿ ವಾಪಸು. ಜೈಲಿಲ್ಲ.

2018ರ ಮಾರ್ಚಿನಲ್ಲಿ ಸಹಿಯಾಯಿತು. ಅಂದು ನ್ಯಾಯಾಲಯ ಉಚಿತವಾಗಿ ಕೊಡುವ ದುಭಾಷಿ ಬೇಕೇ ಎಂದು ಕೇಳಿದಾಗ ರಾಯರು ಬೇಡ ಎಂದರು. ಹತ್ತು ವರ್ಷ ಇಲ್ಲಿದ್ದು ಇಂಗ್ಲಿಷ್ ಬಾರದು ಎನ್ನಲು ಸಂಕೋಚವಾಯಿತಂತೆ.

ಹದಿನೇಳನೇ ಪ್ರಶ್ನೆ

ತಪ್ಪೊಪ್ಪಿಗೆಯ ಫಾರಂ ಹಲವು ಪುಟಗಳದ್ದು. ಅದರ ಹದಿನೇಳನೇ ಪ್ರಶ್ನೆ ವಲಸಿಗರಿಗೆ ಸಂಬಂಧಿಸಿದ್ದು: ನೀವು ಅಮೆರಿಕದ ಪ್ರಜೆಯೇ? ಅಲ್ಲದಿದ್ದರೆ, ಈ ತಪ್ಪೊಪ್ಪಿಗೆಯಿಂದ ನಿಮ್ಮನ್ನು ದೇಶದಿಂದ ಹೊರಹಾಕಬಹುದು ಎಂಬುದು ನಿಮಗೆ ಅರ್ಥವಾಗಿದೆಯೇ? ವಕೀಲರಿಂದ ಸಲಹೆ ಪಡೆಯುವ ಹಕ್ಕಿದೆ ಎಂದು ಗೊತ್ತೇ? ರಾಯರ ಫಾರಂನ ಪ್ರತಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರಜೆಯೇ ಎಂಬುದಕ್ಕೆ ‘ಇಲ್ಲ’ದ ಸುತ್ತ ನೀಲಿ ಶಾಯಿಯ ದುಂಡನೆಯ ಗುರುತು. ಉಳಿದವಕ್ಕೆ ‘ಹೌದು’ಗಳ ಸುತ್ತ ಒಂದೇ ಎಳೆತದಲ್ಲಿ, ಕೈ ಎತ್ತದೆ, ಮೇಲಿನಿಂದ ಕೆಳಕ್ಕೆ ಸರಪಳಿಯಂತೆ ಹಾಕಿದ ಸುತ್ತುಗಳು. ಒಂದೊಂದೇ ಪ್ರಶ್ನೆಯನ್ನು ಓದಿ ಉತ್ತರಿಸುವ ಕೈ ಹಾಗೆ ಸುತ್ತು ಹಾಕುವುದಿಲ್ಲ.

‘ಹೊರಹಾಕಬಹುದು.’ ನಮ್ಮ ಭಾಷೆಯಲ್ಲಿ ‘ಬಹುದು’ ಎಂದರೆ ಮಳೆ ಬರಬಹುದು, ಬಸ್ಸು ತಡವಾಗಬಹುದು. ಆಗಲೂಬಹುದು, ಆಗದೆಯೂ ಇರಬಹುದು. ರಾಯರ ಪ್ರಕರಣದಲ್ಲಿ ಗಡೀಪಾರು ‘ಬಹುದು’ ಆಗಿರಲಿಲ್ಲ. ಕಾನೂನು ಅದನ್ನು ಆಗಲೇ ಬರೆದಿಟ್ಟಿತ್ತು.

1917ರಿಂದ ಅಮೆರಿಕದಲ್ಲಿ ಶಿಕ್ಷೆ ಕೊಡುವ ನ್ಯಾಯಾಧೀಶರಿಗೇ ‘ಈತನನ್ನು ಗಡೀಪಾರು ಮಾಡಬೇಡಿ’ ಎಂದು ಶಿಫಾರಸು ಮಾಡುವ ಅಧಿಕಾರವಿತ್ತು. 1990ರಲ್ಲಿ ಸಂಸತ್ತು ಅದನ್ನು ಕಿತ್ತುಹಾಕಿತು. ವಲಸೆ ಕಾನೂನಿನಲ್ಲಿ ‘ಅಗ್ರವೇಟೆಡ್ ಫೆಲನಿ’ ಎಂಬ ಪಟ್ಟಿಯಿದೆ. ಘೋರ ಅಪರಾಧ ಎಂಬಂತೆ ಕೇಳಿಸಿದರೂ ಅದರಲ್ಲಿ ಇರುವುದೆಲ್ಲ ಘೋರವಲ್ಲ. ಮೋಸ ಅಥವಾ ವಂಚನೆಯ ಅಪರಾಧದಲ್ಲಿ ನಷ್ಟ 2,00,000 ಡಾಲರ್ ದಾಟಿದರೆ ಮಾತ್ರ ಈ ಪಟ್ಟಿಗೆ ಸೇರುತ್ತಿತ್ತು. 1996ರ ತಿದ್ದುಪಡಿ ಅದನ್ನು 10,000 ಡಾಲರಿಗೆ ಇಳಿಸಿತು. ಈ ಪಟ್ಟಿಗೆ ಸೇರಿದ ಅಪರಾಧಕ್ಕೆ ಶಿಕ್ಷೆಯಾದ ಗ್ರೀನ್ ಕಾರ್ಡ್‌ದಾರರು ಗಡೀಪಾರಿಗೆ ಗುರಿ. ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಮನೆಯಲ್ಲಿ ಯಾರಿದ್ದಾರೆ ಎಂದು ನೋಡಿ ಗಡೀಪಾರು ರದ್ದು ಮಾಡುವ ವಿವೇಚನೆಯ ಬಾಗಿಲೂ ಅವರಿಗೆ ಮುಚ್ಚಿರುತ್ತದೆ.

12,380 ಮತ್ತು 10,000. ನಡುವಿನ ಅಂತರ 2,380 ಡಾಲರ್. ಅಪರಾಧ ನಡೆದದ್ದು ಅವರು ಬಂದು ಐದು ವರ್ಷ ಕಳೆದ ಮೇಲೆ. ಹಾಗಾಗಿ ಅದು ನೀತಿಗೆಟ್ಟ ಕೃತ್ಯ ಎಂಬ ಇನ್ನೊಂದು ಆಧಾರದ ಮೇಲೆ, ಒಂದೇ ಶಿಕ್ಷೆಗಾಗಿ, ಅವರನ್ನು ಹೊರಹಾಕಲು ಬರುತ್ತಿರಲಿಲ್ಲ. ಅಂದರೆ, ಕೆಲವು ತಿಂಗಳುಗಳಿಗೆ ಮಾತ್ರ ಸೀಮಿತವಾದ, 10,000 ಡಾಲರಿನೊಳಗಿನ ನಷ್ಟಕ್ಕೆ ತಪ್ಪೊಪ್ಪಿಕೊಂಡು, ಉಳಿದ ಹಣವನ್ನು ಅಂಗಡಿಯ ಜೊತೆ ಪ್ರತ್ಯೇಕ ಒಪ್ಪಂದದಲ್ಲಿ ತೀರಿಸಿದ್ದರೆ, ಅಂಗಡಿಗೆ ಒಂದು ಪೈಸೆಯೂ ಕಡಿಮೆಯಾಗದೆ, ಗಡೀಪಾರಿನ ಪ್ರಶ್ನೆಯೇ ಏಳುತ್ತಿರಲಿಲ್ಲ. ವಿದೇಶಕ್ಕೆ ಹೋದರೆ ಮರಳುವಾಗ ತಡೆಯುವ ಅಪಾಯವೊಂದು ಉಳಿಯುತ್ತಿತ್ತು, ಅಷ್ಟೇ. ವಲಸೆ ಕಾನೂನು ಬಲ್ಲ ವಕೀಲರು ಇಂತಹ ಒಪ್ಪಂದಗಳನ್ನು ದಿನವೂ ಕೇಳುತ್ತಾರೆ. ಇಲ್ಲಿ ಯಾರೂ ಕೇಳಲಿಲ್ಲ.

ಪ್ರೊಬೇಷನ್ ಮುಗಿಯಿತು, ಹಣವೂ ತೀರಿತು. 2020ರಲ್ಲಿ, ಎಲ್ಲ ಮುಗಿಯಿತಲ್ಲ ಎಂಬ ಧೈರ್ಯದಲ್ಲಿ, ರಾಯರು ಸ್ವತಃ ಪೌರತ್ವಕ್ಕೆ ಅರ್ಜಿ ಹಾಕಿದರು. ಶಿಕ್ಷೆಯ ವಿಷಯವನ್ನು ಮುಚ್ಚಿಡದೆ ಬರೆದರು. 2021ರ ಶರತ್ಕಾಲದಲ್ಲಿ ಅರ್ಜಿ ತಿರಸ್ಕೃತವಾಯಿತು, ಹಿಂದೆಯೇ ವಲಸೆ ನ್ಯಾಯಾಲಯಕ್ಕೆ ಹಾಜರಾಗಲು ನೋಟಿಸು. ಅವರ ಹೆಂಡತಿ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಕಚೇರಿಗೆ ಬಂದು, “ನೋಡಮ್ಮಾ, ಸಿಟಿಜನ್‌ಶಿಪ್ ಕೇಳಿದ್ದಕ್ಕೆ ಇದನ್ನು ಕಳಿಸಿದ್ದಾರೆ” ಎಂದರು.

ಮುಚ್ಚಿದ್ದ ಎರಡು ಬಾಗಿಲುಗಳು

ಮೊದಲ ಸಲಹೆ ಬಂಧುಗಳಿಂದ ಬಂತು. ಹಳೆಯ ನ್ಯಾಯಾಧೀಶರ ಬಳಿ ಹೋಗಿ ವಾಪಸು ಕಟ್ಟಬೇಕಾದ ಹಣವನ್ನು 9,999ಕ್ಕೆ ಇಳಿಸಿಕೊಂಡು ಬಂದರೆ ಸಾಕಲ್ಲವೇ? ಕೇಳಲು ಚೆನ್ನಾಗಿದೆ. ಆದರೆ ಇದನ್ನೇ, ಇದೇ ನ್ಯೂಜೆರ್ಸಿಯ ವಂಚನೆಯ ಕಳವಿನ ಪ್ರಕರಣದಲ್ಲಿ, ಇದೇ 9,999ಕ್ಕೆ ಇಳಿಸಿ ಪ್ರಯತ್ನಿಸಲಾಗಿತ್ತು. 2003ರ ಮನ್ರೋ ವರ್ಸಸ್ ಆಶ್‌ಕ್ರಾಫ್ಟ್ ತೀರ್ಪಿನಲ್ಲಿ ಫಿಲಡೆಲ್ಫಿಯಾದ ಮೂರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಗಡೀಪಾರು ತಪ್ಪಿಸಲೆಂದು ಆಮೇಲೆ ಇಳಿಸಿದ ಮೊತ್ತ ನಿಜವಾದ ನಷ್ಟವನ್ನು ಬದಲಿಸುವುದಿಲ್ಲ ಎಂದಿತು. ನಷ್ಟದ ಮೊತ್ತವನ್ನು ಪ್ರಕರಣದ ನಿಜ ಸಂಗತಿಗಳಿಂದಲೇ ನೋಡಬೇಕು, ವಾಪಸಾತಿಯ ಆದೇಶವನ್ನು ಅದಕ್ಕೆ ಸಾಕ್ಷಿಯಾಗಿ ಬಳಸಬಹುದು ಎಂದು 2009ರಲ್ಲಿ ನಿಜಾವನ್ ವರ್ಸಸ್ ಹೋಲ್ಡರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತು. ಆ ಬಾಗಿಲು ಮುಚ್ಚಿತ್ತು.

ಎರಡನೆಯದು ಕರುಣೆಯ ಬಾಗಿಲು. ರಾಯರ ಕುಟುಂಬದವರು, ದೇವಸ್ಥಾನದ ಪರಿಚಯದವರು, ಮಕ್ಕಳ ಶಿಕ್ಷಕರು ಪತ್ರಗಳನ್ನು ಬರೆದುಕೊಟ್ಟಿದ್ದರು. ಒಂದು ದಪ್ಪ ಕಡತ. ಹೆಂಡತಿಯ ಆರೋಗ್ಯ, ಕಾಲೇಜಿನಲ್ಲಿರುವ ಮಕ್ಕಳು, ಎಲ್ಲ ಸತ್ಯ. ಶಿಕ್ಷೆಯನ್ನೇ ರದ್ದುಮಾಡಿ ಎಂದು ಹಳೆಯ ನ್ಯಾಯಾಲಯವನ್ನು ಕೇಳುವ ನಮ್ಮ ಅರ್ಜಿಯ ಮೊದಲ ಕರಡನ್ನು ನಾನೇ ಬರೆದದ್ದು, ಅದರಲ್ಲಿ ನಾಲ್ಕು ಪುಟ ಈ ಸಂಕಟಗಳಿದ್ದವು. ನಮ್ಮ ವಕೀಲರು ಆ ನಾಲ್ಕು ಪುಟಗಳಿಗೆ ಅಡ್ಡಗೀಟು ಎಳೆದರು. ನನಗೆ ಸಿಟ್ಟು ಬಂತು. ಅವರು ಎರಡು ತೀರ್ಪುಗಳನ್ನು ನನ್ನ ಮೇಜಿನ ಮೇಲಿಟ್ಟು, ಓದಿ ಬಂದು ಮಾತನಾಡು ಎಂದರು.

ಒಂದು, ವಲಸೆ ಮೇಲ್ಮನವಿ ಮಂಡಳಿಯ 2003ರ ಪಿಕರಿಂಗ್ ತೀರ್ಪು. ಶಿಕ್ಷೆಯನ್ನು ಹಳೆಯ ನ್ಯಾಯಾಲಯ ರದ್ದುಮಾಡಿದರೂ, ರದ್ದತಿಗೆ ಕಾರಣ ಮೂಲ ವಿಚಾರಣೆಯಲ್ಲಿದ್ದ ಕಾನೂನಿನ ದೋಷವಾಗಿರಬೇಕು; ವಲಸೆಯ ಸಂಕಷ್ಟದಿಂದ ಪಾರುಮಾಡಲೆಂದೋ, ವ್ಯಕ್ತಿ ಸುಧಾರಿಸಿದ್ದಾನೆಂದೋ ರದ್ದುಮಾಡಿದರೆ, ವಲಸೆ ಕಾನೂನಿನ ಕಣ್ಣಿಗೆ ಆ ಶಿಕ್ಷೆ ಇನ್ನೂ ಜೀವಂತ. ಇನ್ನೊಂದು, 2005ರ ಪಿನ್ಹೋ ವರ್ಸಸ್ ಗೊನ್ಸಾಲೆಸ್, ಮೂರನೇ ಸರ್ಕ್ಯೂಟಿನದು. ಅದೂ ನ್ಯೂಜೆರ್ಸಿಯಿಂದ ಹೋದ ಪ್ರಕರಣ, ಅದರಲ್ಲೂ ಶಿಕ್ಷೆ ರದ್ದಾದ ಮೇಲೆ ಪಿಟಿಐ ಸಿಕ್ಕಿತ್ತು. ಅದು ಒಂದು ನಿಯಮ ಹಾಕಿಕೊಟ್ಟಿತು: ರದ್ದತಿಯ ಆದೇಶದಲ್ಲಿ ಕಾರಣ ಬರೆದಿದ್ದರೆ ಅಲ್ಲಿಗೇ ವಿಚಾರ ಮುಗಿಯಿತು. ಬರೆದಿಲ್ಲದಿದ್ದರೆ ಆ ನ್ಯಾಯಾಲಯದ ಮುಂದಿದ್ದ ದಾಖಲೆ ನೋಡಬೇಕು. ನ್ಯಾಯಾಧೀಶರ, ಸರ್ಕಾರಿ ವಕೀಲರ ಮನಸ್ಸಿನಲ್ಲಿ ಗುಟ್ಟಾಗಿ ಏನಿತ್ತು ಎಂದು ಊಹಿಸಲು ಹೋಗಬಾರದು.

ಅಂದರೆ, ನನ್ನ ನಾಲ್ಕು ಪುಟಗಳು ರಾಯರನ್ನು ಮುಳುಗಿಸುತ್ತಿದ್ದವು. ನ್ಯಾಯಾಧೀಶರು ಅವನ್ನು ಓದಿ ಕರಗಿ ಶಿಕ್ಷೆ ರದ್ದುಮಾಡಿದ್ದರೆ, ನಾವು ಗೆದ್ದೂ ಸೋತಂತೆ. ಕಣ್ಣೀರನ್ನು ಕಡತದಿಂದ ಹೊರಗಿಟ್ಟು, ಸಂವಿಧಾನದ ದೋಷವೊಂದನ್ನೇ ಹಿಡಿಯಬೇಕಿತ್ತು. ಪತ್ರ ಬರೆದವರಿಗೆ ಇದನ್ನು ವಿವರಿಸುವುದೇ ನನಗೆ ಕಷ್ಟವಾಯಿತು. ಶಿಕ್ಷಕಿಯೊಬ್ಬರು, “ಸತ್ಯ ಹೇಳಿದರೆ ತೊಂದರೆಯೇ?” ಎಂದು ಕೇಳಿದರು. ಈ ಮಟ್ಟಿಗೆ ಕಾನೂನು ಕ್ರೂರ ಎಂದೇ ನನ್ನ ಅಭಿಪ್ರಾಯ. ಆದರೆ ಅಭಿಪ್ರಾಯದ ಮೇಲೆ ಅರ್ಜಿ ಬರೆಯಲಾಗುವುದಿಲ್ಲ.

ಪಡಿಲ್ಲಾ ತೀರ್ಪನ್ನು ಓದಿದ ಬಗೆ

ಉಳಿದದ್ದು 2010ರ ಮಾರ್ಚ್ 31ರಂದು ಹೊರಬಂದ ಪಡಿಲ್ಲಾ ವರ್ಸಸ್ ಕೆಂಟಕಿ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಗ್ರೀನ್ ಕಾರ್ಡಿನ ಮೇಲೆ ಇಲ್ಲಿದ್ದ, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ್ದ ವ್ಯಕ್ತಿಗೆ, ಇಷ್ಟು ವರ್ಷದಿಂದ ಇದ್ದೀರಿ, ಚಿಂತೆ ಬೇಡ ಎಂದು ವಕೀಲರು ಹೇಳಿದ್ದರು. ಗಾಂಜಾ ಸಾಗಿಸಿದ ಆರೋಪವನ್ನು ಆತ ಒಪ್ಪಿಕೊಂಡ. ಗಡೀಪಾರು ಖಚಿತವಾಗಿತ್ತು. ಗಡೀಪಾರು ಅಪರಾಧದ ಶಿಕ್ಷೆಯ ಜೊತೆಗೇ ಹೆಣೆದುಕೊಂಡಿದೆ, ಆದ್ದರಿಂದ ಅದರ ಬಗ್ಗೆ ಸಲಹೆ ಕೊಡುವುದು ಸಂವಿಧಾನದ ಆರನೇ ತಿದ್ದುಪಡಿ ಕೊಟ್ಟಿರುವ ವಕೀಲರ ನೆರವಿನ ಹಕ್ಕಿನೊಳಗೇ ಬರುತ್ತದೆ ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಬಹುಮತದ ಪರವಾಗಿ ಬರೆದರು. ಏಳು ಜನ ಫಲಿತಾಂಶವನ್ನು ಒಪ್ಪಿದರು, ನ್ಯಾಯಮೂರ್ತಿ ಸ್ಕಾಲಿಯಾ ಮತ್ತು ಥಾಮಸ್ ಒಪ್ಪಲಿಲ್ಲ.

ತೀರ್ಪಿನ ಹೃದಯ ಒಂದು ವಿಂಗಡಣೆಯಲ್ಲಿದೆ. ವಲಸೆಯ ಪರಿಣಾಮ ಕಾನೂನಿನಲ್ಲಿ ಅಸ್ಪಷ್ಟವಾಗಿದ್ದರೆ, ಅಪಾಯ ಇರಬಹುದು ಎಂದು ಎಚ್ಚರಿಸಿದರೆ ವಕೀಲರ ಹೊಣೆ ಮುಗಿಯುತ್ತದೆ. ಪರಿಣಾಮ ಸ್ಪಷ್ಟವಾಗಿದ್ದರೆ, ಸರಿಯಾದ ಸಲಹೆಯನ್ನು ಅಷ್ಟೇ ಸ್ಪಷ್ಟವಾಗಿ ಕೊಡಬೇಕು. ನ್ಯಾಯಮೂರ್ತಿ ಅಲಿಟೋ, ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಜೊತೆಗೂಡಿ, ಪ್ರತ್ಯೇಕ ಅಭಿಪ್ರಾಯ ಬರೆದರು: ವಲಸೆ ಕಾನೂನು ಜಟಿಲ, ವಕೀಲರು ತಪ್ಪು ಸಲಹೆ ಕೊಡದೆ, ಪರಿಣಾಮ ‘ಇರಬಹುದು’, ವಲಸೆ ವಕೀಲರನ್ನು ನೋಡಿ ಎಂದರೆ ಸಾಕು.

ಸರ್ಕಾರಿ ವಕೀಲರು ನಮ್ಮ ಅರ್ಜಿಗೆ ಕೊಟ್ಟ ಉತ್ತರದ ಅರ್ಧ ಭಾಗ ಅಲಿಟೋ ಅವರ ಆ ಅಭಿಪ್ರಾಯದಿಂದಲೇ ಎತ್ತಿದ ವಾದ. ಓದುವವರಿಗೆ ಅದೇ ತೀರ್ಪು ಎಂಬ ಭಾವನೆ ಬರುವಂತಿತ್ತು. ಅಮೆರಿಕದ ತೀರ್ಪುಗಳನ್ನು ಓದುವ ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ: ಒಂದೇ ಕಡತದಲ್ಲಿ ಬಹುಮತದ ತೀರ್ಪು, ಫಲಿತಾಂಶ ಒಪ್ಪಿ ಕಾರಣ ಒಪ್ಪದ ಅಭಿಪ್ರಾಯ, ಭಿನ್ನಮತ, ಮೂರೂ ಒಟ್ಟಿಗೆ ಅಚ್ಚಾಗುತ್ತವೆ. ಕೆಳಗಿನ ನ್ಯಾಯಾಲಯವನ್ನು ಕಟ್ಟಿಹಾಕುವುದು ಮೊದಲನೆಯದು ಮಾತ್ರ. ಅಲಿಟೋ ಅವರ ವಿವರಣೆಯಿಂದ ನಾನು ಬಹಳ ಕಲಿತಿದ್ದೇನೆ, ಜಟಿಲತೆಯ ಬಗ್ಗೆ ಅವರು ಹೇಳಿದ್ದು ಸರಿಯೂ ಹೌದು. ಆದರೆ ಬಹುಮತ ಅದನ್ನು ಸಾಲದು ಎಂದು ತಳ್ಳಿತ್ತು. ಅಪರಾಧದ ಹೆಸರಿನಲ್ಲೇ ವಂಚನೆಯಿದೆ, ಒಪ್ಪಂದದ ಮೊದಲ ಪುಟದಲ್ಲೇ 12,380 ಎಂದಿದೆ, ಕಾನೂನಿನ ಒಂದೇ ವಾಕ್ಯದಲ್ಲಿ 10,000 ಎಂದಿದೆ. ಈ ಮೂರನ್ನು ಪಕ್ಕಪಕ್ಕ ಇಡಲು ವಲಸೆ ಕಾನೂನಿನ ಪಂಡಿತರಾಗಬೇಕಿಲ್ಲ ಎಂಬುದು ನಮ್ಮ ಮರುಉತ್ತರ.

ಪಡಿಲ್ಲಾ ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ ಎಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2012ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿವೆ. ರಾಯರ ತಪ್ಪೊಪ್ಪಿಗೆ 2018ರದ್ದಾದ್ದರಿಂದ ಅದು ಅಡ್ಡಿಯಾಗಲಿಲ್ಲ. ಶಿಕ್ಷೆಯಾಗಿ ಐದು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ರಾಜ್ಯದ ಗಡುವೂ ಮೀರಿರಲಿಲ್ಲ. 2022ರ ಫೆಬ್ರವರಿಯಲ್ಲಿ ಅರ್ಜಿ ದಾಖಲಾಯಿತು.

ಇಪ್ಪತ್ತೊಂದು ಸೆಕೆಂಡು

ವಕೀಲರು ತಪ್ಪಿದರು ಎಂದಷ್ಟೇ ತೋರಿಸಿದರೆ ಸಾಲದು. 1984ರ ಸ್ಟ್ರಿಕ್‌ಲ್ಯಾಂಡ್ ತೀರ್ಪಿನಿಂದ ಬಂದ ಎರಡನೇ ಷರತ್ತಿದೆ: ಆ ತಪ್ಪಿನಿಂದ ಫಲಿತಾಂಶ ಬದಲಾಯಿತು ಎಂದೂ ತೋರಿಸಬೇಕು. ಸರಿಯಾದ ಸಲಹೆ ಸಿಕ್ಕಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ ಎಂದು ಸಿಕ್ಕಿಬಿದ್ದ ಮೇಲೆ ಯಾರು ಬೇಕಾದರೂ ಹೇಳಬಹುದು. 2017ರ ಲೀ ವರ್ಸಸ್ ಯುನೈಟೆಡ್ ಸ್ಟೇಟ್ಸ್ ಪ್ರಕರಣದಲ್ಲಿ ರಾಬರ್ಟ್ಸ್ ಬರೆದ ತೀರ್ಪು ಇಲ್ಲಿ ದಾರಿ ತೋರಿಸಿತು. ಆಮೇಲೆ ಹೇಳುವ ಮಾತು ಸಾಲದು. ತಪ್ಪೊಪ್ಪಿಗೆಯ ಸಮಯದ್ದೇ ಆದ ಪುರಾವೆ ಬೇಕು. ಅದಿದ್ದರೆ, ವಿಚಾರಣೆಯಲ್ಲಿ ಗೆಲ್ಲುವ ಸಾಧ್ಯತೆ ತೀರಾ ಕಡಿಮೆಯಿದ್ದರೂ, ಗಡೀಪಾರು ತಪ್ಪಿಸಲು ಆ ಸಣ್ಣ ಆಸೆಗೆ ಜೋತುಬೀಳುವುದು ಅವಿವೇಕವಲ್ಲ.

ನಮ್ಮ ಬಳಿ ಅಂತಹ ಪುರಾವೆಯಿರಲಿಲ್ಲ. ತಪ್ಪೊಪ್ಪಿಗೆಯ ದಿನದ ನ್ಯಾಯಾಲಯದ ಲಿಖಿತ ವರದಿಯಲ್ಲಿ ರಾಯರು ಎಲ್ಲಕ್ಕೂ ‘ಎಸ್ ಸರ್’ ಎಂದೇ ಹೇಳಿದ್ದರು.

ಏಪ್ರಿಲ್‌ನಲ್ಲಿ ಒಂದು ದಿನ, ಆ ಬೆಳಿಗ್ಗೆ ಏನೇನು ಮಾಡಿದಿರಿ ಎಂದು ಹತ್ತನೇ ಸಲ ಕೇಳುತ್ತಿದ್ದಾಗ ರಾಯರು, “ಹೊರಗೆ ಬಂದು ಅಕ್ಕನಿಗೆ ವಾಟ್ಸಾಪ್ ಮಾಡಿದೆ, ಅಷ್ಟೇ ತಾಯಿ” ಎಂದರು. ಅಕ್ಕ ಹಳೆಯ ಫೋನನ್ನು ಎಸೆದಿರಲಿಲ್ಲ. ಇಪ್ಪತ್ತೊಂದು ಸೆಕೆಂಡಿನ ಧ್ವನಿ ಸಂದೇಶ. ಹಿಂದೆ ಲಿಫ್ಟಿನ ಗಂಟೆ, ಯಾರದೋ ಹೆಜ್ಜೆ ಸದ್ದು. ಬರವಣಿಗೆಯ ಕನ್ನಡಕ್ಕೆ ತಂದರೆ ಅದು ಹೀಗಿದೆ: “ಅಕ್ಕಾ, ಮುಗಿಯಿತು. ಜೈಲಿಲ್ಲ. ಗ್ರೀನ್ ಕಾರ್ಡಿಗೆ ತೊಂದರೆಯಾಗಬಹುದು ಎಂದು ಫಾರಂನಲ್ಲಿದೆ. ಅದು ಎಲ್ಲರಿಗೂ ಕೇಳುವ ಪ್ರಶ್ನೆಯಂತೆ. ದುಡ್ಡು ಕಟ್ಟಿದರೆ ಏನೂ ಆಗುವುದಿಲ್ಲವಂತೆ. ನಾನು ಎರಡು ಸಲ ಕೇಳಿದೆ.”

ಭಾಷಾಂತರ ಸಂಸ್ಥೆಯೊಂದಕ್ಕೆ ಕಳಿಸಿದೆವು. ಬಂದ ಇಂಗ್ಲಿಷನ್ನು ಓದಿ ನಮ್ಮ ವಕೀಲರ ಮುಖ ಸಪ್ಪೆಯಾಯಿತು. ‘ಅದು ಎಲ್ಲರಿಗೂ ಕೇಳುವ ಪ್ರಶ್ನೆ. ದುಡ್ಡು ಕಟ್ಟಿದರೆ ಏನೂ ಆಗುವುದಿಲ್ಲ’ ಎಂಬ ಅರ್ಥದ ವಾಕ್ಯಗಳು. ರಾಯರು ತಾವೇ ಊಹಿಸಿಕೊಂಡು ಅಕ್ಕನನ್ನು ಸಮಾಧಾನ ಮಾಡುತ್ತಿದ್ದಂತೆ ಅದು ಓದಿಸಿಕೊಳ್ಳುತ್ತಿತ್ತು. ಸರ್ಕಾರಿ ವಕೀಲರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ: ಎಚ್ಚರಿಕೆ ಓದಿದ್ದಾರೆ, ಲೆಕ್ಕಿಸಲಿಲ್ಲ.

ಎರಡೂ ‘ಅಂತೆ’ಗಳು ಬಿದ್ದುಹೋಗಿದ್ದವು.

ಕನ್ನಡದಲ್ಲಿ ‘ಮಳೆ ಬಂತು’ ಎನ್ನುವವನು ನೆನೆದವನು. ‘ಮಳೆ ಬಂತಂತೆ’ ಎನ್ನುವವನು ಮನೆಯೊಳಗೆ ಕೂತು ಇನ್ನೊಬ್ಬರಿಂದ ಕೇಳಿದವನು. ‘ಅಂತೆ’ ಸೇರಿಸಿದ ಕೂಡಲೇ ಮಾತು ನನ್ನದಲ್ಲ, ಯಾರೋ ನನಗೆ ಹೇಳಿದ್ದು ಎಂದಾಗುತ್ತದೆ. ಮೂರು ವರ್ಷದ ಮಗುವೂ ತಪ್ಪದೆ ಬಳಸುವ ವ್ಯತ್ಯಾಸ ಇದು. ತಪ್ಪೊಪ್ಪಿಗೆ ಮುಗಿಸಿ ಹೊರಬಂದ ಎರಡು ನಿಮಿಷದೊಳಗೆ, ಇನ್ನೊಬ್ಬರು ಹೇಳಿದ ಮಾತನ್ನು ರಾಯರು ಅಕ್ಕನಿಗೆ ಒಪ್ಪಿಸುತ್ತಿದ್ದರು. ಆ ಬೆಳಿಗ್ಗೆ ಅವರೊಡನೆ ಗ್ರೀನ್ ಕಾರ್ಡಿನ ಬಗ್ಗೆ ಮಾತನಾಡಿದ್ದು ಒಬ್ಬರೇ, ಅವರ ವಕೀಲರು. ‘ಎರಡು ಸಲ ಕೇಳಿದೆ’ ಎಂಬುದು ಆ ವಿಷಯ ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಅದೇ ಸಮಯದ ಪುರಾವೆ.

ನಾನು ಪ್ರಮಾಣಪತ್ರ ಬರೆದುಕೊಟ್ಟೆ. ಕಚೇರಿಯ ನೌಕರಳ ಮಾತನ್ನು ನಂಬಲಾಗದು ಎಂದು ಸರ್ಕಾರಿ ಪಕ್ಷ ಆಕ್ಷೇಪಿಸಿತು. ನ್ಯಾಯವಾದ ಆಕ್ಷೇಪವೇ. ನ್ಯಾಯಾಧೀಶರು ಕಚೇರಿಗೂ ಕಕ್ಷಿದಾರರಿಗೂ ಸಂಬಂಧವಿಲ್ಲದ ಕನ್ನಡ ದುಭಾಷಿಯೊಬ್ಬರಿಂದ ಸಂದೇಶವನ್ನು ಮತ್ತೆ ಭಾಷಾಂತರ ಮಾಡಿಸಲು ಹೇಳಿದರು. ಅವರೂ ಎರಡೂ ಕಡೆ ‘ಎಂದು ಹೇಳುತ್ತಾರೆ’ ಎಂದೇ ಅನುವಾದಿಸಿದರು.

ಬೇಡವೆಂದ ಸುಲಭದ ದಾರಿ

ಇದಾದ ಮೇಲೆ ಸರ್ಕಾರಿ ವಕೀಲರು ರಾಜಿಗೆ ಬಂದರು. ಸಾಕ್ಷಿ ವಿಚಾರಣೆ ಬೇಡ, ಉಭಯ ಪಕ್ಷಗಳ ಒಪ್ಪಿಗೆಯ ಆದೇಶದಿಂದ ಶಿಕ್ಷೆ ರದ್ದು ಮಾಡೋಣ ಎಂದರು. ಕರಡು ಕಳಿಸಿದರು. ರಾಯರ ಮನೆಯಲ್ಲಿ ಹಬ್ಬ. ಆದರೆ ಕರಡಿನಲ್ಲಿ, ನ್ಯಾಯದ ಹಿತದೃಷ್ಟಿಯಿಂದ ಹಾಗೂ ಪ್ರತಿವಾದಿಯ ವಲಸೆ ಪರಿಸ್ಥಿತಿಯನ್ನು ಗಮನದಲ್ಲಿಟ್ಟು ರದ್ದು ಮಾಡಲಾಗಿದೆ ಎಂಬ ಅರ್ಥದ ಸಾಲಿತ್ತು. ವಕೀಲರ ಲೋಪ ಎಂಬ ಮಾತೇ ಇರಲಿಲ್ಲ. ಪಿಕರಿಂಗ್ ನಿಯಮಕ್ಕೆ ಇದಕ್ಕಿಂತ ರುಚಿಯಾದ ತುತ್ತು ಬೇರೆಯಿಲ್ಲ. ಸಾಲು ಬದಲಿಸಿ ಎಂದೆವು. ಲೋಪವನ್ನು ಒಪ್ಪಿ ಸಹಿ ಹಾಕಲಾರೆವು ಎಂದರು.

ಆ ಸಂಜೆ ರಾಯರು, ಅವರ ಹೆಂಡತಿ, ಅಕ್ಕ ಮೂವರೂ ನಮ್ಮ ಕಚೇರಿಯಲ್ಲಿದ್ದರು. ವಿಚಾರಣೆಗೆ ಹೋದರೆ ಸೋಲಬಹುದು. ಗೆದ್ದರೂ ಹಳೆಯ ಆರೋಪ ಮೊದಲಿನಿಂದ ಜೀವ ಪಡೆಯುತ್ತದೆ, ಜೈಲಿನ ಸಾಧ್ಯತೆ ಮರಳಿ ಬರುತ್ತದೆ. ಇದನ್ನೆಲ್ಲ ನಾನು ಕನ್ನಡದಲ್ಲಿ, ನಿಧಾನವಾಗಿ, ‘ಬಹುದು’ ಇರುವಲ್ಲಿ ಬಹುದು, ‘ಆಗುತ್ತದೆ’ ಇರುವಲ್ಲಿ ಆಗುತ್ತದೆ ಎಂದು ಬಿಡಿಸಿ ಹೇಳಿದೆ. ಅಕ್ಕ, “ಸಿಕ್ಕಿದ್ದನ್ನು ತೆಗೆದುಕೋ ಮಾರಾಯ” ಎಂದು ಒತ್ತಾಯಿಸಿದರು. ರಾಯರು ಬಹಳ ಹೊತ್ತು ಸುಮ್ಮನಿದ್ದು, “ಹಿಂದಿನ ಸಲವೂ ಬೇಗ ಮುಗಿಯಲಿ ಎಂದೇ ಸಹಿ ಹಾಕಿದ್ದು” ಎಂದರು. ಈ ಪ್ರಕರಣದ ನಿಜವಾದ ತಿರುವು ಅದೇ ಎಂದು ನಾನು ತಿಳಿದಿದ್ದೇನೆ.

2022ರ ಅಕ್ಟೋಬರಿನಲ್ಲಿ ವಿಚಾರಣೆ. ಹಳೆಯ ವಕೀಲರು ಸಾಕ್ಷಿಕಟ್ಟೆಗೆ ಬಂದರು. ಅವರ ಬಗ್ಗೆ ನನಗೆ ಗೌರವವಿದೆ. ಅವರು ಒಂದು ಮಾತನ್ನೂ ತಿರುಚಲಿಲ್ಲ. ಕಡತದಲ್ಲಿ ಹಳದಿ ಹಾಳೆಯ ಮೇಲೆ ಅವರದೇ ಕೈಬರಹದ ಒಂದು ಟಿಪ್ಪಣಿಯಿತ್ತು, ಪರಿಣಾಮ ಆಗಬಹುದು ಎಂದು ತಿಳಿಸಿದ್ದೇನೆ ಎಂದು. ಅಂದು ಬೆಳಿಗ್ಗೆ ತಮಗೆ ಇನ್ನೂ ಮೂವರು ಕಕ್ಷಿದಾರರಿದ್ದರು, ರಾಯರು ಕೇಳಿದ್ದು ನಿಜ, ಇದು ಎಲ್ಲರಿಗೂ ಕೇಳುವ ಪ್ರಶ್ನೆ, ಹಣ ಕಟ್ಟಿ ಸರಿಯಾಗಿರಿ ಎಂದೆ, ವಲಸೆ ಕಾನೂನಿನ ಪುಸ್ತಕ ತೆರೆದು ನೋಡಲಿಲ್ಲ ಎಂದು ಒಪ್ಪಿಕೊಂಡರು. ಅವರು ಕೆಟ್ಟ ವಕೀಲರಲ್ಲ. ಒಂದು ಬೆಳಿಗ್ಗೆಗೆ ನಾಲ್ಕು ಬದುಕುಗಳನ್ನು ಕೈಗೆ ಕೊಟ್ಟರೆ ಹೀಗಾಗುತ್ತದೆ.

ಮೂರು ತಿಂಗಳ ನಂತರ ತೀರ್ಪು ಬಂತು. ಪರಿಣಾಮ ಸ್ಪಷ್ಟವಾಗಿದ್ದಾಗ ‘ಬಹುದು’ ಎಂಬ ಎಚ್ಚರಿಕೆ ಸಾಲದು, ಫಾರಂನ ಮುದ್ರಿತ ಸಾಲು ವಕೀಲರ ಸಲಹೆಯ ಜಾಗ ತುಂಬಲಾರದು, ಸಂದೇಶ ಮತ್ತು ವಕೀಲರ ಸಾಕ್ಷ್ಯ ಒಂದಕ್ಕೊಂದು ಹೊಂದುತ್ತವೆ, ಸೆರೆಮನೆಯ ಸಾಧ್ಯತೆಯೇ ಕಡಿಮೆಯಿದ್ದ ಮೊದಲ ಅಪರಾಧಿ ಗಡೀಪಾರು ಖಚಿತವೆಂದು ತಿಳಿದಿದ್ದರೆ ಒಪ್ಪಂದವನ್ನು ನಿರಾಕರಿಸುವುದು ವಿವೇಕಯುತವೇ ಆಗಿರುತ್ತಿತ್ತು. ಆರನೇ ತಿದ್ದುಪಡಿಯ ಉಲ್ಲಂಘನೆಯಾಗಿದೆ, ಆ ಕಾರಣಕ್ಕಾಗಿ ತಪ್ಪೊಪ್ಪಿಗೆ ರದ್ದು. ಕೊನೆಯ ವಾಕ್ಯವನ್ನು ನಮ್ಮ ವಕೀಲರು ಗಟ್ಟಿಯಾಗಿ ಎರಡು ಸಲ ಓದಿದರು. ಪಿನ್ಹೋ ಕೇಳಿದ್ದು ಅದನ್ನೇ.

ಮುಂದಿನದು ಸರಾಗವಾಗಿ ನಡೆಯಿತು. ಹಣವೆಲ್ಲ ಮೊದಲೇ ತೀರಿದ್ದರಿಂದ ಸರ್ಕಾರಿ ಪಕ್ಷ ಪಿಟಿಐಗೆ ಒಪ್ಪಿತು. ತಪ್ಪೊಪ್ಪಿಗೆಯಿಲ್ಲದೆ ಹನ್ನೆರಡು ತಿಂಗಳು, ಕೊನೆಗೆ ಆರೋಪ ವಜಾ. 2024ರ ಮೊದಲ ಭಾಗದಲ್ಲಿ ನ್ಯೂಆರ್ಕ್‌ನ ವಲಸೆ ನ್ಯಾಯಾಧೀಶರು, ರದ್ದತಿಯ ಆದೇಶವನ್ನು ಓದಿ, ಗಡೀಪಾರು ಪ್ರಕರಣವನ್ನು ಮುಕ್ತಾಯಗೊಳಿಸಿದರು. ಕಲಾಪ ಒಂಬತ್ತು ನಿಮಿಷ.

ಇದರಿಂದ ನಮ್ಮ ಕಚೇರಿಯಲ್ಲಿ ಬದಲಾದದ್ದು

ಎಲ್ಲವೂ ಮರಳಿ ಸಿಗಲಿಲ್ಲ. 2022ರಲ್ಲಿ ರಾಯರ ತಾಯಿ ತೀರಿಕೊಂಡರು. ಗಡೀಪಾರು ಪ್ರಕರಣ ನಡೆಯುತ್ತಿರುವಾಗ ದೇಶ ಬಿಟ್ಟರೆ ಮರಳುವ ದಾರಿ ಮುಚ್ಚುವ ಭಯವಿತ್ತು. ಹಿರಿಯ ಮಗ ಚಿತೆಗೆ ಬೆಂಕಿ ಇಡುವುದನ್ನು ತಮ್ಮನೊಬ್ಬ ಮಾಡಿದ. ರಾಯರು ಬೆಳಗಿನ ಜಾವ ಮೂರು ಗಂಟೆಗೆ ಮೊಬೈಲಿನಲ್ಲಿ ನೋಡಿದರು.

ಈಗ ಗ್ರೀನ್ ಕಾರ್ಡ್ ಇರುವ ಯಾರೇ ಅಪರಾಧ ಪ್ರಕರಣ ತಂದರೂ, ಜೈಲು ಎಷ್ಟು ದಿನ ಎಂದು ಕೇಳುವ ಮೊದಲು ನಾವು ಕೇಳುವುದು ಮೂರು: ಅಮೆರಿಕಕ್ಕೆ ಬಂದ ದಿನ, ಕೃತ್ಯ ನಡೆದ ದಿನ, ನಷ್ಟದ ಅಂಕಿ. ಕಾಗದದಲ್ಲಿ ಬರೆಯುವ ಒಂದು ಅಂಕಿಯ ಮೇಲೆ ಕುಟುಂಬ ನಿಂತಿರಬಹುದು ಎಂಬುದನ್ನು ಈ ಪ್ರಕರಣಕ್ಕೆ ಮೊದಲು ನಾನೂ ಇಷ್ಟು ಗಟ್ಟಿಯಾಗಿ ನಂಬಿರಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ದುಭಾಷಿ ಬೇಕೇ ಬೇಕು ಎನ್ನುತ್ತೇವೆ. ಅಂಗಡಿಯ ಇಂಗ್ಲಿಷ್ ಬೇರೆ, ಕಟಕಟೆಯ ಇಂಗ್ಲಿಷ್ ಬೇರೆ. ಮನೆಯವರಿಗೆ ಕಳಿಸಿದ ಹಳೆಯ ಸಂದೇಶಗಳನ್ನು ಅಳಿಸಬೇಡಿ ಎಂದೂ ಹೇಳುತ್ತೇವೆ. ಹಾಗೆಂದು ಎಲ್ಲರಿಗೂ ಇದೇ ದಾರಿಯಿಲ್ಲ. ಕಳೆದ ವರ್ಷ ಬಂದ ಇನ್ನೊಬ್ಬರ ತಪ್ಪೊಪ್ಪಿಗೆ 2006ರದ್ದು. ಪಡಿಲ್ಲಾ ಅವರನ್ನು ಮುಟ್ಟುವುದಿಲ್ಲ. ಅಷ್ಟು ಹಳೆಯ ಪ್ರಕರಣದಲ್ಲಿ ವಕೀಲರು ಏನೂ ಹೇಳಲಿಲ್ಲ ಎಂಬುದು ಸಾಲದು, ತಪ್ಪಾಗಿ ಹೇಳಿದರು ಎಂದೇ ತೋರಿಸಬೇಕು. ಅವರ ಬಳಿ ಅದಕ್ಕೆ ಪುರಾವೆಯಿರಲಿಲ್ಲ. ಅವರನ್ನು ಬರಿಗೈಯಲ್ಲಿ ಕಳಿಸಿದ ದಿನ ನಾನು ಊಟ ಮಾಡಲಿಲ್ಲ.

ರಾಯರು ಈಚೆಗೆ ಮತ್ತೆ ಪೌರತ್ವದ ಫಾರಂ ಹಿಡಿದುಕೊಂಡು ಬಂದಿದ್ದರು. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಆರೋಪ ಎದುರಿಸಿದ್ದೀರಾ ಎಂಬ ಪ್ರಶ್ನೆಯ ಮೇಲೆ ಬೆರಳಿಟ್ಟು, “ಕೇಸು ವಜಾ ಆಯಿತಲ್ಲ ತಾಯಿ. ಇದನ್ನು ಬರೆಯಬಹುದೋ, ಬರೆಯಲೇಬೇಕೋ?” ಎಂದು ಕೇಳಿದರು.

ಬರೆಯಲೇಬೇಕು ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದು, ‘ಹೌದು’ ಎಂಬುದರ ಪಕ್ಕದ ಚೌಕವನ್ನು ತುಂಬಿದರು. ಆಮೇಲೆ ಕೈ ಎತ್ತಿ, ಮುಂದಿನ ಪ್ರಶ್ನೆಯನ್ನು ಓದತೊಡಗಿದರು.